ಏರು, ಮಳೆ ಮತ್ತು ಇಲೆಕ್ಟ್ರಿಕ್ ಸೈಕಲ್: ಕಾಸರಗೋಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಬದಿಯಡ್ಕ, ಪೆರ್ಲ, ಪೈವಳಿಕೆ, ಮುಳ್ಳೇರಿಯದ ಕಡೆಯವರು ಇಲೆಕ್ಟ್ರಿಕ್ ಸೈಕಲ್ ಕೊಳ್ಳುವ ಮೊದಲು ಕೇಳುವ ಪ್ರಶ್ನೆಗಳು ಬಯಲುಸೀಮೆಯವರ ಪ್ರಶ್ನೆಗಳಂತೆ ಇರುವುದಿಲ್ಲ. ನಮ್ಮದು ಗುಡ್ಡದ ತಲೆಯಲ್ಲಿ ರಸ್ತೆ, ತಗ್ಗಿನಲ್ಲಿ ಮನೆ ಮತ್ತು ಅಡಿಕೆ ತೋಟ ಇರುವ ಊರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಸುರಿಯುವ ಮಳೆ ಬೇರೆ. ಇಂಥ ನೆಲದಲ್ಲಿ ನಾಲ್ಕು ವರ್ಷ ಇಂಥ ಸೈಕಲ್ ತುಳಿದು, ನೆರೆಕರೆಯವರ ಸೈಕಲ್‌ಗಳನ್ನೂ ಬಿಚ್ಚಿ ನೋಡಿದ ಅನುಭವದಿಂದ ಈ ಉತ್ತರಗಳನ್ನು ಬರೆದಿದ್ದೇನೆ.

ಇದಕ್ಕೆ ಲೈಸೆನ್ಸ್, ನೋಂದಣಿ, ವಿಮೆ ಬೇಕೇ? ತಲಪಾಡಿಯ ರಾಜ್ಯಗಡಿ ದಾಟಿ ಮಂಗಳೂರಿಗೆ ಹೋದರೆ ನಿಯಮ ಬದಲಾಗುತ್ತದೆಯೇ?

ಬದಲಾಗುವುದಿಲ್ಲ. ಇದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿದ ವಿಷಯವಾದ್ದರಿಂದ ಗಡಿಯ ಎರಡೂ ಕಡೆ ಒಂದೇ ನಿಯಮ. ಮೋಟಾರು ಅರ್ಧ ಗಂಟೆ ಸತತವಾಗಿ ಕೊಡಬಲ್ಲ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ ಇದ್ದು, ವೇಗ ಗಂಟೆಗೆ 25 ಕಿ.ಮೀ. ತಲುಪುವಾಗ ಮೋಟಾರಿನ ಸಹಾಯ ತಾನಾಗಿ ನಿಲ್ಲುವಂತಿದ್ದರೆ ಅದನ್ನು ಮೋಟಾರು ವಾಹನವೆಂದು ಪರಿಗಣಿಸುವುದಿಲ್ಲ. ಲೈಸೆನ್ಸ್, ನೋಂದಣಿ, ವಿಮೆ ಯಾವುದೂ ಬೇಡ. ಆದರೆ ಮಾದರಿಯು ಸರಕಾರ ಒಪ್ಪಿದ ಪರೀಕ್ಷಾ ಸಂಸ್ಥೆಯಲ್ಲಿ ಪರೀಕ್ಷೆಗೊಳಗಾಗಿರಬೇಕು; ಸರಿಯಾದ ಬ್ರೇಕು, ಮುಂದೆ ಬಿಳಿ ಮತ್ತು ಹಿಂದೆ ಕೆಂಪು ಪ್ರತಿಫಲಕ ಇರಬೇಕು. ಆ ಪ್ರಮಾಣಪತ್ರದ ಪ್ರತಿಯನ್ನು ಬಿಲ್ಲಿನ ಜೊತೆಗೇ ಕೇಳಿ ಪಡೆದುಕೊಳ್ಳಿ.

"ಒಂದು ವಯರ್ ತೆಗೆದರೆ 40ರಲ್ಲಿ ಓಡುತ್ತದೆ" ಎಂದು ಹೇಳುವವರು ಎಲ್ಲ ಪೇಟೆಗಳಲ್ಲೂ ಇದ್ದಾರೆ. ಆ ವಯರ್ ತೆಗೆದ ಕ್ಷಣದಿಂದ ನಿಮ್ಮ ಸೈಕಲ್ ಕಾನೂನಿನ ಕಣ್ಣಿನಲ್ಲಿ ನೋಂದಣಿಯಿಲ್ಲದ, ವಿಮೆಯಿಲ್ಲದ ಮೋಟಾರು ವಾಹನ. ಯಾರಿಗಾದರೂ ಪೆಟ್ಟಾದರೆ ಪರಿಹಾರದ ಹೊರೆ ಪೂರ್ತಿ ನಿಮ್ಮ ತಲೆಯ ಮೇಲೆ ಬರಬಹುದು. ದಯವಿಟ್ಟು ಮಾಡಬೇಡಿ.

ಅಂಗಡಿಯಲ್ಲಿ "ಒಮ್ಮೆ ಚಾರ್ಜ್ ಮಾಡಿದರೆ 50 ಕಿ.ಮೀ." ಎಂದರು. ನಂಬಬಹುದೇ?

ಆ ಲೆಕ್ಕ ಸಮತಟ್ಟಾದ ರಸ್ತೆಯಲ್ಲಿ, ಹಗುರವಾದ ಸವಾರ, ಮೋಟಾರಿನ ಅತಿ ಕಡಿಮೆ ಸಹಾಯ ಪಡೆದು ತುಳಿದಾಗ ಸಿಗುವಂಥದ್ದು. ನನಗೂ ಹಾಗೆಯೇ ಹೇಳಿದ್ದರು; ಮೊದಲ ವಾರದಲ್ಲೇ ಹದಿನೆಂಟನೆಯ ಕಿಲೋಮೀಟರಿಗೆ ಬ್ಯಾಟರಿ ಬರಿದಾಗಿ, ಇಪ್ಪತ್ತೈದು ಕಿಲೋ ಭಾರದ ಸೈಕಲನ್ನು ಗುಡ್ಡ ಹತ್ತಿಸುತ್ತಾ ಮನೆಗೆ ಬಂದೆ. ಆಮೇಲೆ ಕಾಗದ ಹಿಡಿದು ಕುಳಿತು ಲೆಕ್ಕ ಹಾಕಿದಾಗ ನಮ್ಮ ಊರಿನಲ್ಲಿ ಎಣಿಸಬೇಕಾದದ್ದು ಕಿಲೋಮೀಟರನ್ನಲ್ಲ, ಏರನ್ನು ಎಂಬುದು ತಿಳಿಯಿತು.

ಲೆಕ್ಕ ಸುಲಭ. ಬ್ಯಾಟರಿಯ ಮೇಲೆ ಬರೆದಿರುವ ವೋಲ್ಟನ್ನೂ ಆಂಪಿಯರ್-ಅವರನ್ನೂ ಗುಣಿಸಿದರೆ ಅದರಲ್ಲಿ ಹಿಡಿಯುವ ಶಕ್ತಿ ವ್ಯಾಟ್-ಅವರ್‌ನಲ್ಲಿ ಸಿಗುತ್ತದೆ. 36 ವೋಲ್ಟ್, 7.8 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಸುಮಾರು 280. 36 ವೋಲ್ಟ್, 10 ಆಂಪಿಯರ್-ಅವರ್ ಆದರೆ 360. ಸಮತಟ್ಟಿನಲ್ಲಿ ತುಳಿಯುತ್ತಾ ಹೋದರೆ ಕಿಲೋಮೀಟರಿಗೆ 8ರಿಂದ 12 ವ್ಯಾಟ್-ಅವರ್ ಖರ್ಚು. ತುಳಿಯದೆ ಬರೀ ಥ್ರಾಟಲ್ (ಹ್ಯಾಂಡಲಿನ ಆಕ್ಸಿಲರೇಟರ್) ತಿರುಗಿಸಿ ಹೋದರೆ 15ರ ಆಸುಪಾಸು. ಇನ್ನು ಏರಿನ ವಿಷಯಕ್ಕೆ ಬಂದರೆ, ಸವಾರ, ಸೈಕಲ್, ಚೀಲ ಎಲ್ಲ ಸೇರಿ 100 ಕಿಲೋ ಭಾರವನ್ನು 100 ಮೀಟರ್ ಎತ್ತರಕ್ಕೆ ಒಯ್ಯಲು ಲೆಕ್ಕದ ಪ್ರಕಾರ 27 ವ್ಯಾಟ್-ಅವರ್ ಸಾಕು, ಆದರೆ ಮೋಟಾರಿನಲ್ಲಿ ಬಿಸಿಯಾಗಿ ಕಳೆದುಹೋಗುವುದನ್ನೂ ಸೇರಿಸಿದರೆ ಬ್ಯಾಟರಿಯಿಂದ 36–40 ಬೇಕಾಗುತ್ತದೆ. ಅಂದರೆ 100 ಮೀಟರ್ ಏರುವುದೂ ಸಮತಟ್ಟಿನಲ್ಲಿ 4 ಕಿ.ಮೀ. ಹೋಗುವುದೂ ಬ್ಯಾಟರಿಗೆ ಒಂದೇ. ದಿನಕ್ಕೆ ಹೋಗಿ ಬರುವಾಗ ಒಟ್ಟು ಎಷ್ಟು ಏರುತ್ತೀರಿ ಎಂಬುದನ್ನು ಮೊಬೈಲಿನ ನಕ್ಷೆಯಲ್ಲಿ ನೋಡಿ, ಅದನ್ನು ಕಿಲೋಮೀಟರಿಗೆ ಬದಲಾಯಿಸಿ ಕೂಡಿಸಿ. ಬಂದ ಮೊತ್ತದ ಒಂದೂವರೆ ಪಾಲಿಗೆ ಸಾಕಾಗುವ ಬ್ಯಾಟರಿ ತೆಗೆದುಕೊಂಡರೆ ಮೂರನೆಯ ವರ್ಷದಲ್ಲಿ ಅದರ ಶಕ್ತಿ ಕುಂದಿದಾಗಲೂ ದಾರಿಯಲ್ಲಿ ನಿಲ್ಲುವುದಿಲ್ಲ.

ತೋಟದಿಂದ ಮುಖ್ಯರಸ್ತೆಗೆ ದೊಡ್ಡ ಚಡಾವು ಇದೆ. 250 ವ್ಯಾಟ್ ಮೋಟಾರು ಅದನ್ನು ಏರೀತೇ?

ಡಾಮರು ರಸ್ತೆಯ ಸಾಮಾನ್ಯ ಏರು, ಅಂದರೆ ನೂರು ಮೀಟರಿಗೆ ಏಳೆಂಟು ಮೀಟರ್ ಎತ್ತರ, ಧಾರಾಳವಾಗಿ ಏರುತ್ತದೆ. 100 ಕಿಲೋ ಭಾರ ಗಂಟೆಗೆ 10 ಕಿ.ಮೀ. ವೇಗದಲ್ಲಿ ಅಂಥ ಏರು ಹತ್ತಲು ಸುಮಾರು 240 ವ್ಯಾಟ್ ಬೇಕು. ಮೋಟಾರು ಮುಕ್ಕಾಲು ಪಾಲು ಕೊಟ್ಟರೆ ಉಳಿದದ್ದನ್ನು ನಿಮ್ಮ ಕಾಲು ಬೆವರದೆಯೇ ಕೊಡುತ್ತದೆ. ಮನೆಗಳಿಗೆ ಇಳಿಯುವ ಕಾಂಕ್ರೀಟು ದಾರಿಗಳ ಕಥೆ ಬೇರೆ. ಅವುಗಳಲ್ಲಿ ಕೆಲವು ನೂರಕ್ಕೆ ಹದಿನೈದು, ಇಪ್ಪತ್ತರಷ್ಟು ಕಡಿದಾಗಿರುತ್ತವೆ. ಅಲ್ಲಿ ಚಕ್ರ ತೀರ ನಿಧಾನವಾಗಿ ತಿರುಗುವುದರಿಂದ ಮೋಟಾರಿಗೆ ಹೋದ ವಿದ್ಯುತ್ತಿನ ಬಹುಪಾಲು ಓಟವಾಗುವ ಬದಲು ಬಿಸಿಯಾಗುತ್ತದೆ. ಮೋಟಾರು ಇರುವ ಚಕ್ರದ ನಡುಭಾಗದ (ಹಬ್) ಮೇಲೆ ಕೈ ಇಟ್ಟರೆ ಸುಡುವಷ್ಟು ಕಾದಿದ್ದರೆ ಒಳಗಿನ ನೈಲಾನ್ ಹಲ್ಲುಚಕ್ರಗಳು ಸವೆಯುವ, ಮೆತ್ತಗಾಗುವ ಅಪಾಯವಿದೆ.

ಅಂಥ ಕಡೆ ಇಳಿದು ನಡೆಯಿರಿ. ಹೆಚ್ಚಿನ ಮಾದರಿಗಳಲ್ಲಿ "ವಾಕ್ ಮೋಡ್" ಇರುತ್ತದೆ. ಗುಂಡಿ ಒತ್ತಿ ಹಿಡಿದರೆ ಸೈಕಲ್ ನಿಮ್ಮ ನಡಿಗೆಯ ವೇಗದಲ್ಲಿ ತಾನೇ ಏರುತ್ತದೆ, ನೀವು ಹ್ಯಾಂಡಲ್ ಹಿಡಿದರೆ ಸಾಕು. ಕೊಳ್ಳುವಾಗ ಅದು ಇದೆಯೇ ಎಂದು ನೋಡಿ. ಇನ್ನೂ ಒಂದು ಮಾತು: ಅಂಗಡಿಯ ಮುಂದಿನ ಸಪಾಟಾದ ಅಂಗಳದಲ್ಲಿ ಓಡಿಸಿ ನೋಡಿದರೆ ಏನೂ ತಿಳಿಯುವುದಿಲ್ಲ. ಹತ್ತಿರದ ಏರಿನಲ್ಲಿ, ಹಿಂದೆ ಹತ್ತು ಕಿಲೋ ಭಾರ ಕಟ್ಟಿ ಓಡಿಸಿ ನೋಡುತ್ತೇನೆ ಎಂದು ಕೇಳಿ. ಅದಕ್ಕೆ ಒಪ್ಪದ ಅಂಗಡಿಯಲ್ಲಿ ನಾನಂತೂ ಕೊಳ್ಳುವುದಿಲ್ಲ.

ಹಿಂಚಕ್ರದಲ್ಲಿ ಮೋಟಾರು ಇರುವುದು ಒಳ್ಳೆಯದೋ, ಪೆಡಲಿನ ಬಳಿ ಇರುವುದೋ?

ಏರಿಗೆ ಪೆಡಲಿನ ಬಳಿ ಇರುವ ಮೋಟಾರೇ ಮೇಲು, ಏಕೆಂದರೆ ಅದು ಚೈನಿನ ಮೂಲಕ ಸೈಕಲಿನ ಗೇರುಗಳನ್ನೇ ಬಳಸುತ್ತದೆ. ನೀವು ಸಣ್ಣ ಗೇರಿಗೆ ಇಳಿದರೆ ಮೋಟಾರೂ ಸುಖವಾಗಿ ತಿರುಗುತ್ತದೆ. ಆದರೆ ಅದರ ಬೆಲೆ ಬಹಳ ಹೆಚ್ಚು, ಚೈನೂ ಬೇಗ ಸವೆಯುತ್ತದೆ, ರಿಪೇರಿಗೆ ಕೈ ಹಾಕುವವರು ನಮ್ಮ ಕಡೆ ಕಡಿಮೆ. ಹೀರೋ ಲೆಕ್ಟ್ರೊ, ಇಮೋಟೊರಾಡ್, ಟಾಟಾ ಸಮೂಹದ ಸ್ಟ್ರೈಡರ್ ಮುಂತಾದ ಭಾರತೀಯ ಕಂಪೆನಿಗಳ ಹೆಚ್ಚಿನ ಮಾದರಿಗಳಲ್ಲಿ ಇರುವುದು ಹಿಂಚಕ್ರದ ಹಬ್ ಮೋಟಾರು. ಅದನ್ನೇ ತೆಗೆದುಕೊಳ್ಳಿ, ಆದರೆ ಗೇರು ಇರುವ ಸೈಕಲನ್ನೇ ಆರಿಸಿ. ಹಬ್ ಮೋಟಾರಿಗೆ ಗೇರಿನಿಂದ ಲಾಭವಿಲ್ಲದಿದ್ದರೂ ನಿಮ್ಮ ಕಾಲಿಗೆ ಇದೆ.

ಇದಕ್ಕಿಂತ ಹೆಚ್ಚು ಗಮನಿಸಬೇಕಾದದ್ದು ತುಳಿತವನ್ನು ಅಳೆಯುವ ಸೆನ್ಸರು. ಅಗ್ಗದ ಮಾದರಿಗಳಲ್ಲಿ ಪೆಡಲ್ ತಿರುಗುತ್ತಿದೆಯೇ ಇಲ್ಲವೇ ಎಂಬುದನ್ನಷ್ಟೇ ಅದು ನೋಡುತ್ತದೆ. ಏರಿನ ಬುಡದಲ್ಲಿ ಒಂದು ಅರೆಸುತ್ತು ತುಳಿದ ಮೇಲೆಯೇ ಮೋಟಾರು ಎಚ್ಚರಗೊಳ್ಳುತ್ತದೆ. ದುಬಾರಿ ಮಾದರಿಗಳಲ್ಲಿ ಎಷ್ಟು ಬಲವಾಗಿ ತುಳಿಯುತ್ತೀರಿ ಎಂಬುದನ್ನೂ ಅಳೆದು ಅಷ್ಟಕ್ಕೆ ತಕ್ಕ ಸಹಾಯ ಕೊಡುತ್ತದೆ. ಮೊದಲನೆಯ ಬಗೆಯದಾದರೆ ಏರಿನಲ್ಲಿ ನಿಂತು ಮತ್ತೆ ಹೊರಡಲು ಥ್ರಾಟಲ್ ಇರುವುದು ಅಗತ್ಯ.

ಇಳಿಯುವಾಗ ಬ್ಯಾಟರಿ ತಾನಾಗಿ ಚಾರ್ಜ್ ಆಗುತ್ತದೆಯೇ?

ಸಾಮಾನ್ಯ ಹಬ್ ಮೋಟಾರಿನಲ್ಲಿ ಆಗುವುದಿಲ್ಲ. ಒಳಗಿನ ಫ್ರೀವೀಲು ಇಳಿಯುವಾಗ ಮೋಟಾರನ್ನು ಚಕ್ರದಿಂದ ಬಿಡಿಸಿಬಿಡುತ್ತದೆ.

ಇಳಿಜಾರಿನಲ್ಲಿ ಬ್ರೇಕು ಸಾಕಾಗುತ್ತದೆಯೇ?

ಸೈಕಲಿನ ಭಾರ ಮಾಮೂಲಿ ಸೈಕಲಿನದಕ್ಕಿಂತ ಹತ್ತು ಕಿಲೋ ಹೆಚ್ಚಿರುವುದರಿಂದ ಡಿಸ್ಕ್ ಬ್ರೇಕೇ ಬೇಕು. ರಿಮ್ಮಿಗೆ ರಬ್ಬರ್ ತಾಗುವ ಬ್ರೇಕು ಮಳೆಯಲ್ಲಿ ಅರ್ಧಕ್ಕರ್ಧ ಹಿಡಿಯುವುದಿಲ್ಲ. ಉದ್ದದ ಇಳಿಜಾರಿನಲ್ಲಿ ಬ್ರೇಕನ್ನು ಒತ್ತಿಕೊಂಡೇ ಇದ್ದರೆ ಡಿಸ್ಕ್ ಕಾದು ಹಿಡಿತ ಕುಗ್ಗುತ್ತದೆ. ಎರಡೂ ಬ್ರೇಕುಗಳನ್ನು ಬಲವಾಗಿ ಹಿಡಿದು, ವೇಗ ಇಳಿದ ಮೇಲೆ ಬಿಟ್ಟು, ಮತ್ತೆ ಹಿಡಿಯಿರಿ. ಮುರಕಲ್ಲಿನ ಕೆಂಪು ಧೂಳು ಪ್ಯಾಡುಗಳನ್ನು ಅರದಂತೆ ತಿನ್ನುತ್ತದೆ. ಪ್ಯಾಡಿನ ದಪ್ಪ ಒಂದು ಮಿಲಿಮೀಟರಿಗೆ ಇಳಿದರೆ ಬದಲಾಯಿಸಲೇಬೇಕು. ಬ್ರೇಕಿನ ಹಿಡಿಯಲ್ಲಿ ಮೋಟಾರನ್ನು ನಿಲ್ಲಿಸುವ ಸಣ್ಣ ಸ್ವಿಚ್ ಇರುತ್ತದೆ. ತಿಂಗಳಿಗೊಮ್ಮೆ ಹಿಂಚಕ್ರವನ್ನು ಎತ್ತಿ, ಥ್ರಾಟಲ್ ತಿರುಗಿಸಿ, ಹಿಡಿಯನ್ನು ಸ್ವಲ್ಪವೇ ಒತ್ತಿ ನೋಡಿ. ಮೋಟಾರು ತಟ್ಟನೆ ನಿಲ್ಲಬೇಕು.

ಮನೆಯಲ್ಲಿರುವ ಹಳೆಯ ಸೈಕಲಿಗೆ ಮೋಟಾರು ಕಿಟ್ ಹಾಕಿಸಬಹುದೇ?

ಫ್ರೇಮು, ಫೋರ್ಕು ಗಟ್ಟಿಯಿದ್ದು ಬ್ರೇಕು ಒಳ್ಳೆಯದಿದ್ದರೆ ಆಗಬಹುದು, ಆದರೆ ನಮ್ಮ ಇಳಿಜಾರುಗಳಿಗೆ ನಾನು ಇದನ್ನು ಸೂಚಿಸುವುದಿಲ್ಲ. ಮುಂಚಕ್ರದ ಕಿಟ್ಟುಗಳು ಏರಿನಲ್ಲಿ ಜಾರುತ್ತವೆ, ಏಕೆಂದರೆ ಏರುವಾಗ ಭಾರವೆಲ್ಲ ಹಿಂದಕ್ಕೆ ಸರಿದಿರುತ್ತದೆ.

ಗಲ್ಫಿನಲ್ಲಿರುವ ಮಗ ಬರುವಾಗ ಅಲ್ಲಿಂದಲೇ ತರಬಹುದೇ?

ಈ ಪ್ರಶ್ನೆ ನಮ್ಮ ಜಿಲ್ಲೆಯಲ್ಲಿ ಬಹಳ ಕೇಳಿಬರುತ್ತದೆ. ಸೈಕಲನ್ನು ತರಬಹುದಾದರೂ ಬ್ಯಾಟರಿಯನ್ನು ತರಲಾಗದು. 160 ವ್ಯಾಟ್-ಅವರ್ ಮೀರಿದ ಲಿಥಿಯಂ ಬ್ಯಾಟರಿಯನ್ನು ಪ್ರಯಾಣಿಕರು ವಿಮಾನದಲ್ಲಿ ಕೈಚೀಲದಲ್ಲಾಗಲಿ ಲಗೇಜಿನಲ್ಲಾಗಲಿ ಒಯ್ಯುವಂತಿಲ್ಲ, ಸೈಕಲಿನ ಬ್ಯಾಟರಿ ಸಾಮಾನ್ಯವಾಗಿ ಅದನ್ನು ಮೀರಿರುತ್ತದೆ. ಬ್ಯಾಟರಿ ಇಲ್ಲದೆ ತಂದ ವಿದೇಶಿ ಸೈಕಲಿಗೆ ಇಲ್ಲಿ ಹೊಂದುವ ಬ್ಯಾಟರಿ, ಡಿಸ್‌ಪ್ಲೇ ಹುಡುಕುವುದು ದೊಡ್ಡ ಪಾಡು. ಮಗ ಹಣ ಕಳುಹಿಸಲಿ, ಸೈಕಲನ್ನು ಇಲ್ಲಿಯೇ ಕೊಳ್ಳಿ. ಮಂಜೇಶ್ವರದ ಕಡೆಯವರು ಮಂಗಳೂರಿನಲ್ಲಿ ಕೊಳ್ಳುವುದಾದರೆ, ವಾರಂಟಿಯ ಕೆಲಸವನ್ನು ಕಾಸರಗೋಡಿನಲ್ಲಿಯೂ ಮಾಡಿಕೊಡುತ್ತಾರೆಯೇ ಎಂದು ಮೊದಲೇ ಕೇಳಿ ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಆಟಿಯ (ಜುಲೈ–ಆಗಸ್ಟ್‌ನ ತುಳು ತಿಂಗಳಿನ) ಮಳೆಯಲ್ಲಿ ಓಡಿಸಬಹುದೇ?

ಓಡಿಸಬಹುದು, ನಾನು ದಿನವೂ ಓಡಿಸುತ್ತೇನೆ. ಮಳೆ ಮೇಲಿನಿಂದ ಬೀಳುವುದು ಸೈಕಲಿಗೆ ದೊಡ್ಡ ತೊಂದರೆಯಲ್ಲ. ನಿಂತ ನೀರಿನಲ್ಲಿ ಮುಳುಗುವುದು, ಪೈಪಿನಿಂದ ರಭಸವಾಗಿ ನೀರು ಹೊಡೆಯುವುದು, ನೀರು ವಯರಿನ ಗುಂಟ ಹರಿದು ಕನೆಕ್ಟರಿನೊಳಗೆ ಸೇರುವುದು — ಕೆಡಿಸುವುದು ಈ ಮೂರು. 26 ಇಂಚಿನ ಚಕ್ರದ ಹಬ್ಬು ನೆಲದಿಂದ ಸುಮಾರು 33 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ, ಮೋಟಾರಿನ ವಯರು ಅಚ್ಚಿನ ತುದಿಯಿಂದಲೇ ಒಳಹೋಗುತ್ತದೆ. ಹರಿಯುವ ನೀರು ಪಾದ ಮುಳುಗುವಷ್ಟಿದ್ದರೆ ದಾಟಬಹುದು. ಮೊಣಕಾಲಿನ ಹತ್ತಿರ ಬಂದರೆ ತಿರುಗಿ ಹೋಗಿ, ಅಥವಾ ಸೈಕಲನ್ನು ಈಚೆ ನಿಲ್ಲಿಸಿ ಕಾಲುಸಂಕದಲ್ಲಿ ದಾಟಿ.

ಒಂದು ಆಟಿಯಲ್ಲಿ ನನ್ನ ಸೈಕಲಿನ ಮೋಟಾರು ಏರಿನ ನಡುವೆ ಎರಡು ಸಲ ಬಿಕ್ಕಿ ನಿಂತುಹೋಯಿತು. ಬ್ಯಾಟರಿಯಲ್ಲಿ ಮೂರು ಗೆರೆ ತುಂಬಿಯೇ ಇತ್ತು. ಮನೆಗೆ ತಂದು ಜಗಲಿಯಲ್ಲಿ ಮಗುಚಿ ಹಾಕಿ, ಹಿಂಚಕ್ರದ ಬಳಿಯ ಬೆರಳುದ್ದದ ಕನೆಕ್ಟರನ್ನು ಎಳೆದು ಬಿಡಿಸಿದಾಗ ಒಳಗಿನಿಂದ ಎರಡು ಹನಿ ಕೆಂಪು ನೀರು ಬಿತ್ತು. ಒಂಬತ್ತು ಸಣ್ಣ ಪಿನ್ನುಗಳಲ್ಲಿ ಮೂರಕ್ಕೆ ಹಸಿರು ಕಿಲುಬು ಹಿಡಿದಿತ್ತು. ವಯರು ಮೇಲಿನಿಂದ ನೇರವಾಗಿ ಕನೆಕ್ಟರಿಗೆ ಇಳಿದಿದ್ದರಿಂದ ಮಳೆನೀರು ಅದರ ಮೈಮೇಲೆಯೇ ಹರಿದು ಒಳಹೊಕ್ಕಿತ್ತು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕಿಲುಬನ್ನು ಉಜ್ಜಿ, ಒಂದು ಹಗಲು ಒಣಗಿಸಿ, ಸಿಲಿಕೋನ್ ಗ್ರೀಸನ್ನು ತೆಳುವಾಗಿ ಸವರಿ, ಎರಡೂ ಬದಿಯ ಬಾಣದ ಗುರುತುಗಳನ್ನು ಎದುರುಬದುರಾಗಿ ಹೊಂದಿಸಿ ಒತ್ತಿದೆ. ಆಮೇಲೆ ವಯರನ್ನು ಕನೆಕ್ಟರಿಗಿಂತ ಕೆಳಕ್ಕೆ ಒಮ್ಮೆ ಬಾಗಿಸಿ ಕಟ್ಟಿದೆ. ಈಗ ನೀರು ಆ ಬಾಗಿನಲ್ಲಿಯೇ ತೊಟ್ಟಿಕ್ಕಿ ಹೋಗುತ್ತದೆ. ಅಂದಿನಿಂದ ತೊಂದರೆಯಿಲ್ಲ. ಪತ್ತನಾಜೆಯ ಹೊತ್ತಿಗೆ (ಮೇ ತಿಂಗಳ ಕೊನೆಗೆ), ಮಳೆ ಹಿಡಿಯುವ ಮೊದಲೇ, ಎಲ್ಲ ಕನೆಕ್ಟರುಗಳಿಗೂ ಈ ಗ್ರೀಸ್ ಸವರಿಬಿಡಿ. ಉಪ್ಪಳ, ಕುಂಬಳೆ, ಮಂಜೇಶ್ವರದ ಕಡಲ ಬದಿಯವರು ಇದನ್ನು ವರ್ಷಕ್ಕೆ ಎರಡು ಸಲ ಮಾಡಬೇಕು, ಏಕೆಂದರೆ ಉಪ್ಪುಗಾಳಿಗೆ ಮಳೆಗಾಲವೆಂಬುದಿಲ್ಲ.

ಚಾರ್ಜ್ ಮಾಡುವುದು ಎಲ್ಲಿ, ಹೇಗೆ? ಬೆಂಕಿಯ ಹೆದರಿಕೆ ಇದೆಯೇ?

ಪರೀಕ್ಷೆಗೊಳಗಾದ ಬ್ಯಾಟರಿಯನ್ನು ಅದರದೇ ಚಾರ್ಜರಿನಿಂದ ಚಾರ್ಜ್ ಮಾಡಿದರೆ ಅಪಾಯ ಬಹಳ ಕಡಿಮೆ. ಆದರೆ ಲಿಥಿಯಂ ಬ್ಯಾಟರಿಗೆ ಒಮ್ಮೆ ಬೆಂಕಿ ಹಿಡಿದರೆ ಆರಿಸುವುದು ಕಷ್ಟವಾದ್ದರಿಂದ ಜಾಗದ ವಿಷಯದಲ್ಲಿ ನಾನು ಕಟ್ಟುನಿಟ್ಟು. ಅಡಿಕೆ ಗೋಣಿ ಪೇರಿಸಿಟ್ಟ ಕೋಣೆ, ತೆಂಗಿನ ಸಿಪ್ಪೆ, ಕಟ್ಟಿಗೆ ಇರುವ ಕೊಟ್ಟಿಗೆ, ರಬ್ಬರ್ ಶೀಟು ಒಣಗಿಸುವ ಹೊಗೆಮನೆಯ ಪಕ್ಕ — ಇಲ್ಲೆಲ್ಲ ಖಂಡಿತ ಬೇಡ. ಹೊರಬಾಗಿಲಿನ ಎದುರು, ಮಲಗುವ ಕೋಣೆಯಲ್ಲಿ ಕೂಡ ಬೇಡ. ಜಗಲಿಯ ಸಿಮೆಂಟು ನೆಲದ ಮೇಲೆ, ಮಳೆ ಎರಚಲು ತಾಗದ ಮೂಲೆಯಲ್ಲಿ, ಮನೆಯವರು ಎಚ್ಚರವಿರುವ ಹೊತ್ತಿನಲ್ಲಿ ಚಾರ್ಜ್ ಮಾಡಿ. ಎರಡು ಆಂಪಿಯರ್ ಚಾರ್ಜರಿನಲ್ಲಿ 7.8 ಆಂಪಿಯರ್-ಅವರ್ ಬ್ಯಾಟರಿ ತುಂಬಲು ನಾಲ್ಕರಿಂದ ಐದು ಗಂಟೆ ಸಾಕು. ಏರು ಹತ್ತಿ ಬಂದ ಕೂಡಲೇ ಬಿಸಿ ಬ್ಯಾಟರಿಗೆ ಪ್ಲಗ್ಗು ಚುಚ್ಚದೆ ಅರ್ಧ ಗಂಟೆ ತಣಿಯಲು ಬಿಡಿ. ಬಿದ್ದು ಬಿರುಕು ಬಿಟ್ಟ, ಉಬ್ಬಿದ, ನೀರಿನಲ್ಲಿ ಮುಳುಗಿದ ಬ್ಯಾಟರಿಯನ್ನು ಚಾರ್ಜ್ ಮಾಡಲೇಬೇಡಿ. ಹೊಗೆ ಕಂಡರೆ ಸಾಧ್ಯವಾದರೆ ಮೈನ್ ಸ್ವಿಚ್ ಆರಿಸಿ, ಎಲ್ಲರೂ ಹೊರಬಂದು 101ಕ್ಕೆ ಕರೆ ಮಾಡಿ.

ಅಕ್ಟೋಬರ್–ನವೆಂಬರಿನಲ್ಲೂ ಏಪ್ರಿಲ್–ಮೇ ತಿಂಗಳಲ್ಲೂ ಸಂಜೆಯ ಸಿಡಿಲು ನಮ್ಮ ಗುಡ್ಡಗಳಲ್ಲಿ ಎಂಥದ್ದೆಂದು ಎಲ್ಲರಿಗೂ ಗೊತ್ತು. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಿ. ಆ ತಿಂಗಳುಗಳಲ್ಲಿ ಬೆಳಗಿನ ಹೊತ್ತೇ ಚಾರ್ಜ್ ಮಾಡುವ ಅಭ್ಯಾಸ ಒಳ್ಳೆಯದು. ಮಳೆಗಾಲದಲ್ಲಿ ಮರ ಬಿದ್ದು ಎರಡು ದಿನ ಕರೆಂಟಿಲ್ಲದಾಗ ಮನೆಯ ಇನ್ವರ್ಟರಿನಿಂದಲೂ ಚಾರ್ಜ್ ಮಾಡಬಹುದು, ಚಾರ್ಜರು ಎಳೆಯುವುದು ನೂರು ವ್ಯಾಟಿನಷ್ಟು ಮಾತ್ರ. ಆದರೆ ಇನ್ವರ್ಟರು ಶುದ್ಧ ಸೈನ್ ವೇವ್ ಬಗೆಯದಾಗಿರಲಿ. ಇಲ್ಲದಿದ್ದರೆ ಚಾರ್ಜರು ಬಿಸಿಯಾಗುತ್ತದೆ.

ತಿಂಗಳುಗಟ್ಟಲೆ ಓಡಿಸದೆ ಇಡುವುದಾದರೆ ಪೂರ್ತಿ ತುಂಬಿಸಿಯೂ ಇಡಬೇಡಿ, ಬರಿದು ಮಾಡಿಯೂ ಇಡಬೇಡಿ. ಅರ್ಧದಷ್ಟಿರಲಿ, ಎರಡು ತಿಂಗಳಿಗೊಮ್ಮೆ ನೋಡಿ ಅಷ್ಟಕ್ಕೆ ತುಂಬಿಸಿ.

ಖರ್ಚು ಎಷ್ಟು ಬೀಳುತ್ತದೆ?

360 ವ್ಯಾಟ್-ಅವರ್ ಬ್ಯಾಟರಿ ತುಂಬಲು ನಷ್ಟವೆಲ್ಲ ಸೇರಿ ಅರ್ಧ ಯೂನಿಟ್ ಸಹ ಬೇಡ. ಯೂನಿಟ್ಟಿಗೆ 7 ರೂಪಾಯಿ ಎಂದು ಹಿಡಿದರೂ ಮೂರೂವರೆ ರೂಪಾಯಿ ದಾಟುವುದಿಲ್ಲ. ನಿಜವಾದ ಖರ್ಚು ಬ್ಯಾಟರಿಯದ್ದು. ಸಾಮಾನ್ಯ ಲಿಥಿಯಂ ಬ್ಯಾಟರಿ 500ರಿಂದ 800 ಸಲ ಪೂರ್ತಿ ಚಾರ್ಜ್ ಆದ ಮೇಲೆ ಕುಂದುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬಗೆಯದು ಅದರ ಎರಡರಷ್ಟಾದರೂ ಬಾಳುತ್ತದೆ, ಭಾರ ಮಾತ್ರ ಸ್ವಲ್ಪ ಹೆಚ್ಚು. ಆದ್ದರಿಂದ ಸೈಕಲ್ ಕೊಳ್ಳುವ ದಿನವೇ ಹೊಸ ಬ್ಯಾಟರಿಯ ಬೆಲೆ ಎಷ್ಟು ಎಂದು ಕೇಳಿ, ಅದನ್ನು ಮೂರು–ನಾಲ್ಕು ವರ್ಷಗಳಿಗೆ ಹಂಚಿ ನೋಡಿ.

ಹಿಂಚಕ್ರ ಪಂಚರ್ ಆದರೆ ಊರಿನ ಸೈಕಲ್ ಅಂಗಡಿಯವರು ಮುಟ್ಟುವುದಿಲ್ಲವಲ್ಲ?

ಮೋಟಾರಿನ ವಯರಿಗೆ ಹೆದರಿ ಮುಟ್ಟುವುದಿಲ್ಲ, ಅಷ್ಟೇ. ಚಕ್ರ ಬಿಚ್ಚುವ ಅಗತ್ಯವೇ ಇಲ್ಲ ಎಂದು ಹೇಳಿ. ಸೈಕಲನ್ನು ಮಗುಚಿ, ಟಯರಿನ ಒಂದು ಬದಿಯನ್ನು ಮಾತ್ರ ರಿಮ್ಮಿನಿಂದ ಎಬ್ಬಿಸಿ, ತೂತಾದ ಭಾಗದ ಟ್ಯೂಬನ್ನು ಎಳೆದು ತೇಪೆ ಹಾಕಬಹುದು. ಟ್ಯೂಬನ್ನೇ ಬದಲಾಯಿಸಬೇಕಾದರೆ ಮಾತ್ರ ಕನೆಕ್ಟರು ಬಿಡಿಸಿ, ಅಚ್ಚಿನ ನಟ್ಟುಗಳನ್ನು ತೆಗೆಯಬೇಕು. ಹೆಚ್ಚಿನವಕ್ಕೆ 18ರ ಸ್ಪ್ಯಾನರ್ ಆಗುತ್ತದೆ. ಬಿಚ್ಚುವ ಮೊದಲು ಎರಡೂ ಬದಿಯ ವಾಷರುಗಳ ಫೋಟೋ ತೆಗೆದಿಡಿ. ಕೊಕ್ಕೆಯಿರುವ ವಾಷರು ಅಚ್ಚು ತಿರುಗದಂತೆ ತಡೆಯುವಂಥದ್ದು. ಅದನ್ನು ತಪ್ಪಾಗಿ ಕೂರಿಸಿದರೆ ಅಚ್ಚು ತಿರುಗಿ ವಯರನ್ನೇ ಹರಿದುಹಾಕುತ್ತದೆ. ಟಯರಿನ ಗಾಳಿ ಅದರ ಬದಿಯಲ್ಲಿ ಬರೆದಷ್ಟೇ ಇರಲಿ. ಗಾಳಿ ಕಡಿಮೆಯಿದ್ದರೆ ಪಂಚರ್ ಹೆಚ್ಚು, ಬ್ಯಾಟರಿಯೂ ಬೇಗ ಮುಗಿಯುತ್ತದೆ.

ಹೊಸ ಹೆದ್ದಾರಿಯಲ್ಲಿ ಹೋಗಬಹುದೇ?

ರಾಷ್ಟ್ರೀಯ ಹೆದ್ದಾರಿ 66ರ ಆರು ಪಥಗಳಲ್ಲಿ ಲಾರಿ, ಕಾರುಗಳು ಓಡುವ ವೇಗದ ನಡುವೆ 25 ಕಿ.ಮೀ.ನ ಸೈಕಲಿಗೆ ಜಾಗವಿಲ್ಲ. ಸರ್ವಿಸ್ ರಸ್ತೆಯಲ್ಲಿಯೇ ಹೋಗಿ, ಅಂಡರ್‌ಪಾಸಿನಲ್ಲಿಯೇ ದಾಟಿ. ಸರ್ವಿಸ್ ರಸ್ತೆಯಲ್ಲಿ ಎದುರಿನಿಂದ ಬರುವವರೂ ಇರುತ್ತಾರೆ, ಮಳೆಯಲ್ಲಿ ನೀರು ನಿಂತು ಚರಂಡಿಯ ಸ್ಲಾಬಿನ ಸಂದು ಕಾಣುವುದಿಲ್ಲ. ಹಗಲಿನಲ್ಲೂ ದೀಪ ಉರಿಯಲಿ. ಹೆಲ್ಮೆಟನ್ನು ಕಾನೂನು ಕೇಳದಿದ್ದರೂ ಧರಿಸಿ.

ಆರೈಕೆಗೆ ಎಷ್ಟು ಹೊತ್ತು ಬೇಕು?

ವಾರಕ್ಕೆ ಹದಿನೈದು ನಿಮಿಷ. ಚೈನಿಗೆ ಮೆತ್ತಿದ ಕೆಂಪು ಕೆಸರನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಚೈನ್ ಎಣ್ಣೆಯನ್ನು ಕೊಂಡಿಗೊಂದು ಹನಿಯಂತೆ ಬಿಟ್ಟು, ಹೆಚ್ಚಿನದನ್ನು ಒರೆಸಿ ತೆಗೆಯಿರಿ. ತೆಂಗಿನೆಣ್ಣೆ, ಹಳೆಯ ಇಂಜಿನ್ ಎಣ್ಣೆ ಬೇಡ; ಒಂದು ಅಂಟಾಗುತ್ತದೆ, ಇನ್ನೊಂದು ಧೂಳು ಹಿಡಿಯುತ್ತದೆ. ಹಿಂಚಕ್ರದ ಕಡ್ಡಿಗಳನ್ನು ಎರಡೆರಡಾಗಿ ಹಿಂಡಿ ನೋಡಿ, ಸಡಿಲವಾದದ್ದು ಕೈಗೆ ತಿಳಿಯುತ್ತದೆ. ಮೋಟಾರಿನ ಎಳೆತವೆಲ್ಲ ಅವುಗಳ ಮೇಲೆಯೇ ಬೀಳುವುದರಿಂದ ಒಂದು ಸಡಿಲವಾದರೆ ನೆರೆಯ ಕಡ್ಡಿ ತುಂಡಾಗುತ್ತದೆ. ತೊಳೆಯುವಾಗ ಬ್ಯಾಟರಿ ತೆಗೆದಿಟ್ಟು, ಬಕೆಟ್ಟು ಮತ್ತು ಬಟ್ಟೆ ಮಾತ್ರ ಬಳಸಿ. ತೋಟಕ್ಕೆ ಮದ್ದು ಬಿಡುವ ಪಂಪಿನಿಂದ ನೀರು ಹೊಡೆಯಬೇಡಿ.

ಇಲಿಯನ್ನು ಮರೆಯಬೇಡಿ. ಅಡಿಕೆ ಸಿಪ್ಪೆಯ ರಾಶಿಯ ಪಕ್ಕ ನಿಲ್ಲಿಸಿದ್ದ ನೆರೆಯವರ ಸೈಕಲಿನ ಡಿಸ್‌ಪ್ಲೇ ವಯರನ್ನು ಒಂದೇ ರಾತ್ರಿಯಲ್ಲಿ ಎರಡು ಕಡೆ ಕಡಿದಿತ್ತು. ಈಗ ಅವರು ಹ್ಯಾಂಡಲಿನಿಂದ ಇಳಿಯುವ ವಯರುಗಳಿಗೆಲ್ಲ ಗಟ್ಟಿ ಪ್ಲಾಸ್ಟಿಕ್ಕಿನ ಸುರುಳಿ ಕೊಳವೆ ಹಾಕಿಸಿದ್ದಾರೆ.

ಬ್ಯಾಟರಿ ಪೂರ್ತಿ ಹಾಳಾದ ಮೇಲೆ ಏನು ಮಾಡುವುದು?

ಗುಜರಿಯವರಿಗೆ ಕೊಡಬೇಡಿ, ತೋಟದ ಹೊಂಡಕ್ಕೆ ಎಸೆಯುವುದಂತೂ ಬೇಡವೇ ಬೇಡ. ಆ ಹೊಂಡದ ನೀರೇ ನಮ್ಮ ಬಾವಿಗೆ, ನೀರಿಗಾಗಿ ಗುಡ್ಡ ಕೊರೆದ ಸುರಂಗಕ್ಕೆ ಇಳಿಯುವುದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯನ್ನು ಸಂಗ್ರಹಿಸಿ ಮರುಬಳಕೆಗೆ ಕಳುಹಿಸುವ ಹೊಣೆ ತಯಾರಕರದ್ದು. ತುದಿಗಳಿಗೆ ಇನ್ಸುಲೇಷನ್ ಟೇಪ್ ಸುತ್ತಿ, ಕೊಂಡ ಅಂಗಡಿಗೆ ಒಯ್ದು ಒಪ್ಪಿಸಿ, ರಸೀದಿ ಪಡೆಯಿರಿ. ಕೆಲವು ಅಂಗಡಿಗಳು ಹೊಸದನ್ನು ಕೊಳ್ಳುವಾಗ ಹಳೆಯದಕ್ಕೆ ಸ್ವಲ್ಪ ಬೆಲೆ ಕಳೆಯುತ್ತವೆ, ಕೇಳಿ ನೋಡಿ.